ಅಂಜೂರದ ಎಲೆ, ಕುಪ್ಪಾಯ ಮತ್ತು ಹೆಗಲ ಬಟ್ಟೆ

ಕ್ರೈಸ್ತರು ಬೆತ್ತಲೆ ಮೈಯನ್ನು ಪಾಪವೆಂದು ಎಣಿಸುತ್ತಾರೆ ಎಂಬ ಮಾತು ನಮ್ಮ ಕಡೆ ಸುಲಭವಾಗಿ ಬಾಯಿಗೆ ಬರುತ್ತದೆ. ಹಾಗೆ ಹೇಳುವವರಲ್ಲಿ ಎರಡು ಪಂಗಡ ಉಂಟು. ಮಿಷನರಿಗಳು ಬಂದು ಬಡವರಿಗೆ ಮಾನ ಮುಚ್ಚಿಕೊಳ್ಳಲು ಕಲಿಸಿದರು ಎಂದು ಒಂದು ಪಂಗಡ ಹೊಗಳುತ್ತದೆ. ನಮ್ಮಲ್ಲಿ ಇಲ್ಲದಿದ್ದ ನಾಚಿಕೆಯನ್ನು ಅವರೇ ತಂದು ತಲೆಗೆ ತುಂಬಿದರು ಎಂದು ಇನ್ನೊಂದು ಪಂಗಡ ಬೈಯುತ್ತದೆ. ಹೊಗಳುವವರೂ ಬೈಯುವವರೂ ನಂಬಿರುವುದು ಒಂದನ್ನೇ. ಬಟ್ಟೆಯ ಉದ್ದ ಅಳೆದರೆ ಪಾಪಪುಣ್ಯದ ಲೆಕ್ಕ ಸಿಗುತ್ತದೆ ಎಂಬುದು ಆ ನಂಬಿಕೆ. ಈ ಲೇಖನದಲ್ಲಿ ಆ ಅಳತೆಕೋಲನ್ನೇ ಸ್ವಲ್ಪ ತಿರುಗಿಸಿ ನೋಡೋಣ. ಅದಕ್ಕೆ ಮೊದಲು ಸತ್ಯವೇದದ ಕಥೆಯನ್ನು ಓದಬೇಕು. ಆಮೇಲೆ ಅದೇ ಕಥೆ ಬಣ್ಣದಲ್ಲಿ, ಬಟ್ಟೆಯಲ್ಲಿ, ಸರಕಾರಿ ಹುಕುಮಿನಲ್ಲಿ ಏನಾಯಿತೆಂದು ನೋಡಬೇಕು.

ಆದಿಕಾಂಡದ ಕಥೆ ಎಲ್ಲರಿಗೂ ಗೊತ್ತಿರುವುದೇ. ಏದೆನ್ ತೋಟದಲ್ಲಿ ಆದಾಮ ಹವ್ವ ಇಬ್ಬರೂ ಬೆತ್ತಲೆಯಾಗಿದ್ದರು, ಅವರಿಗೆ ನಾಚಿಕೆ ಇರಲಿಲ್ಲ. ತಿನ್ನಬಾರದ ಹಣ್ಣನ್ನು ತಿಂದ ಮೇಲೆ ಕಣ್ಣು ತೆರೆಯಿತು. ಆಗ ಅಂಜೂರದ ಎಲೆ ಹೊಲಿದು ಸುತ್ತಿಕೊಂಡರು, ಮರದ ಮರೆಯಲ್ಲಿ ಅಡಗಿದರು. ಕಥೆಯನ್ನು ಅವಸರದಲ್ಲಿ ಕೇಳಿದವರಿಗೆ ಬೆತ್ತಲೆಯೇ ತಪ್ಪು ಎಂದು ಕಾಣುತ್ತದೆ. ಆದರೆ ಕಥೆಯ ಕ್ರಮ ಬೇರೆ. ಬೆತ್ತಲೆ ಮೊದಲೂ ಇತ್ತು, ಆಗ ಅದು ತಪ್ಪಾಗಿರಲಿಲ್ಲ. ತಪ್ಪು ನಡೆದದ್ದು ಬೇರೆ ಕಡೆ, ದೇವರ ಮಾತನ್ನು ಮೀರಿದ್ದರಲ್ಲಿ. ಹಣ್ಣು ತಿಂದೆಯೋ ಎಂದು ದೇವರು ಕೇಳಿದಾಗ ಆದಾಮ ಹವ್ವಳ ಕಡೆ ಬೊಟ್ಟು ಮಾಡಿದ, ಹವ್ವ ಹಾವಿನ ಕಡೆ ಬೊಟ್ಟು ಮಾಡಿದಳು. ಒಬ್ಬರ ಮೇಲೆ ಒಬ್ಬರಿಗಿದ್ದ ವಿಶ್ವಾಸ ಮುರಿದುಹೋಯಿತು. ನಾಚಿಕೆ ಬಂದದ್ದು ಆ ಹೊತ್ತಿನಲ್ಲಿ. ಮೈ ಮೊದಲಿನ ಮೈಯೇ, ನೋಡುವ ಕಣ್ಣು ಮಾತ್ರ ಬದಲಾಗಿತ್ತು.

ಇನ್ನೊಂದು ವಿವರವನ್ನು ಬಹಳ ಜನ ಗಮನಿಸುವುದಿಲ್ಲ. ಇಬ್ಬರನ್ನೂ ತೋಟದಿಂದ ಹೊರಗೆ ಕಳಿಸುವ ಮೊದಲು ದೇವರೇ ಅವರಿಗೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ಅದು ಶಿಕ್ಷೆಯ ಪಟ್ಟಿಯಲ್ಲಿ ಬರುವುದಿಲ್ಲ. ಚಳಿ ಮಳೆಯ ಲೋಕಕ್ಕೆ ಮಕ್ಕಳನ್ನು ಕಳಿಸುವ ತಂದೆಯ ಉಪಚಾರದಂತೆ ಬರುತ್ತದೆ. ಹೆದರಿ ಸುತ್ತಿಕೊಂಡ ಎಲೆ ಒಂದು, ಪ್ರೀತಿಯಿಂದ ಸಿಕ್ಕಿದ ಅಂಗಿ ಇನ್ನೊಂದು. ಬಟ್ಟೆಗೆ ಈ ಎರಡು ಮುಖ ಆರಂಭದಿಂದಲೂ ಉಂಟು.

ಸತ್ಯವೇದದಲ್ಲಿ ಮುಂದಕ್ಕೆ ಹೋದರೂ ಪಾಪವನ್ನು ಮೈಯಲ್ಲಿ ಹುಡುಕುವವರಿಗೆ ನಿರಾಸೆಯೇ. ನೋಹ ಕುಡಿದು ಗುಡಾರದಲ್ಲಿ ಬೆತ್ತಲೆ ಬಿದ್ದಿದ್ದಾಗ ಅದನ್ನು ನೋಡಿ ಹೊರಗೆ ಬಂದು ಹೇಳಿದ ಮಗ ಹಾಮ. ಉಳಿದ ಇಬ್ಬರು ಹಿಂದಕ್ಕೆ ನಡೆದು, ಮುಖ ತಿರುಗಿಸಿ, ತಂದೆಗೆ ಹೊದಿಸಿದರು. ಶಾಪ ತಟ್ಟಿದ್ದು ಬಿದ್ದವನಿಗೆ ಅಲ್ಲ, ನೋಡಿ ಸಾರಿದವನ ಸಂತಾನಕ್ಕೆ. ಯೆಶಾಯ ಪ್ರವಾದಿ ದೇವರ ಅಪ್ಪಣೆಯಿಂದಲೇ ಮೂರು ವರ್ಷ ಬೆತ್ತಲೆಯಾಗಿ, ಬರಿಗಾಲಲ್ಲಿ ತಿರುಗಿದ. ಯೇಸು ಬೆಟ್ಟದ ಮೇಲೆ ಉಪದೇಶ ಮಾಡುವಾಗ ಕಾಮದ ನೋಟದ ವಿಷಯ ಬರುತ್ತದೆ. ಅಲ್ಲಿ ಆತ ಹೆಂಗಸಿಗೆ ಮೈ ಮುಚ್ಚಿಕೋ ಎಂದು ಹೇಳುವುದಿಲ್ಲ. ನಿನ್ನ ಕಣ್ಣೇ ನಿನ್ನನ್ನು ಕೆಡಿಸುವುದಾದರೆ ಅದನ್ನು ಕಿತ್ತುಹಾಕು ಎಂಬ ಅರ್ಥದ ಕಟುಮಾತನ್ನು ನೋಡುವ ಗಂಡಸಿಗೆ ಹೇಳುತ್ತಾನೆ. ಇಷ್ಟು ಸ್ಪಷ್ಟವಾಗಿದ್ದರೂ ಎರಡು ಸಾವಿರ ವರ್ಷಗಳ ಪ್ರಸಂಗಗಳಲ್ಲಿ ಬುದ್ಧಿವಾದ ಹೆಚ್ಚು ಬಿದ್ದದ್ದು ಹೆಂಗಸರ ತಲೆಯ ಮೇಲೆಯೇ.

ಹೆಂಗಸರ ಉಡುಪಿಗೆ ಆಧಾರವಾಗಿ ಯಾವಾಗಲೂ ತೆಗೆಯುವ ಭಾಗ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ. ಮರ್ಯಾದೆಯ ಉಡುಪು ಇರಲಿ ಎಂದು ಅಲ್ಲಿ ಹೇಳಿದ್ದು ನಿಜ. ಆದರೆ ಬೇಡವೆಂದು ಹೆಸರು ಹೇಳಿ ತಡೆದದ್ದು ಏನನ್ನು? ಜಡೆಯ ಶೃಂಗಾರ, ಚಿನ್ನ, ಮುತ್ತು, ಹೆಚ್ಚು ಬೆಲೆಯ ಬಟ್ಟೆ. ತೋಳು ಕಂಡಿತು, ಕಾಲು ಕಂಡಿತು ಎಂಬ ಮಾತು ಅಲ್ಲಿ ಇಲ್ಲ. ಉಳ್ಳವರು ಇಲ್ಲದವರ ಎದುರು ಮೆರೆಯಬಾರದು ಎಂಬುದು ಅಲ್ಲಿಯ ಕಾಳಜಿ. ಈ ಮಾತನ್ನು ಹಾಗೆಯೇ ಹಿಡಿದರೆ ಮೊದಲು ತಲೆ ತಗ್ಗಿಸಬೇಕಾದದ್ದು ಮೈತುಂಬ ಉಟ್ಟು ಕುತ್ತಿಗೆ ತುಂಬ ಚಿನ್ನ ಹೇರಿಕೊಂಡು ನಿಲ್ಲುವ ನಮ್ಮ ಮದುವೆ ಚಪ್ಪರಗಳು. ಅದು ಯಾವ ಜಾತಿಯದಾದರೂ ಸರಿ, ಯಾವ ಧರ್ಮದ್ದಾದರೂ ಸರಿ. ಅಲ್ಲಿ ಯಾರೂ ಅಮರ್ಯಾದೆ ಎಂದು ಹೇಳುವುದಿಲ್ಲ. ಗಿಡ್ಡ ತೋಳಿನ ರವಿಕೆ ಹಾಕಿದ ಹುಡುಗಿಗೆ ಮಾತ್ರ ಹೇಳುತ್ತೇವೆ.

ಮೊದಲ ಕಾಲದ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೆ ಬಟ್ಟೆ ಕಳಚಿಯೇ ನೀರಿಗೆ ಇಳಿಯುತ್ತಿದ್ದರು. ನಾಲ್ಕನೆಯ ಶತಮಾನದ ಯೆರೂಸಲೇಮಿನ ಬಿಷಪ್ ಸಿರಿಲ್, ಹೊಸದಾಗಿ ದೀಕ್ಷೆ ಪಡೆದವರಿಗೆ, ನೀವು ಏದೆನಿನ ಆದಾಮನ ಹಾಗೆ ನಾಚಿಕೆಯಿಲ್ಲದೆ ನಿಂತಿರಿ ಎಂಬ ಭಾವದಲ್ಲಿ ವಿವರಿಸಿದ್ದಾರೆ. ಹೆಂಗಸರ ದೀಕ್ಷೆಗೆ ಸಹಾಯ ಮಾಡಲು ಸೇವಕಿಯರು ಇರುತ್ತಿದ್ದರು. ಹದಿಮೂರನೆಯ ಶತಮಾನದ ಆರಂಭದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಬಿಷಪ್ಪರ ಎದುರಿಗೇ ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆದು ಶ್ರೀಮಂತ ತಂದೆಗೆ ಹಿಂದೆ ಕೊಟ್ಟರು. ಬಿಷಪ್ಪರು ತಮ್ಮ ನಿಲುವಂಗಿಯನ್ನೇ ಅವರಿಗೆ ಹೊದಿಸಿದರು. ಬೆತ್ತಲೆ ಅಲ್ಲಿ ಪಾಪದ ಗುರುತಾಗಿರಲಿಲ್ಲ, ಆಸ್ತಿ ಬಿಟ್ಟದ್ದಕ್ಕೆ ಗುರುತಾಗಿತ್ತು.

ಕನ್ನಡದವರಾದ ನಮಗೆ ಇದು ಅರ್ಥವಾಗದ್ದೇನೂ ಅಲ್ಲ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಎದುರು, 1604ರಲ್ಲಿ ನಿಂತ ವೇಣೂರಿನ ಗೊಮ್ಮಟನ ಎದುರು ಮಕ್ಕಳನ್ನು ಕರಕೊಂಡು ಹೋಗಿ ಕೈ ಮುಗಿಸುತ್ತೇವೆ. ಆದರೆ ಒಂದು ಮಾತನ್ನು ಮರೆಯಬಾರದು. ಬೆತ್ತಲೆಯನ್ನು ವೈರಾಗ್ಯವೆಂದು ಒಪ್ಪಿಕೊಂಡ ಪರಂಪರೆಗಳು ಅದನ್ನು ಒಪ್ಪಿಕೊಂಡದ್ದು ಹೆಚ್ಚಾಗಿ ಗಂಡಸಿಗೆ. ಅಕ್ಕಮಹಾದೇವಿ ಕೂದಲನ್ನೇ ಹೊದ್ದು ಬಂದಾಗ ಅನುಭವ ಮಂಟಪದಲ್ಲಿ ಆಕೆಗೆ ಅದರ ಬಗ್ಗೆ ಪ್ರಶ್ನೆ ಎದುರಾಯಿತು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅಂದರೆ ಮೈಯ ವಿಷಯ ಬಂದಾಗ ಯಾವ ಮೈ, ಯಾರದು ಎಂಬ ಪ್ರಶ್ನೆ ಎಲ್ಲ ಕಡೆಯೂ ಹಿಂದೆಯೇ ಬರುತ್ತದೆ.

ಈಗ ಚಿತ್ರಕ್ಕೆ ಬರೋಣ. ಇಟಲಿಯ ಫ್ಲಾರೆನ್ಸ್ ಪಟ್ಟಣದ ಕಾರ್ಮೈನ್ ಇಗರ್ಜಿಯ ಒಳಗೆ ಬ್ರಾಂಕಾಚಿ ಎಂಬ ಚಿಕ್ಕ ಪ್ರಾರ್ಥನಾಲಯ ಉಂಟು. ಅದರ ಗೋಡೆಯ ಮೇಲೆ 1425ರ ಸುಮಾರಿಗೆ ಮಸಾಚೊ ಎಂಬ ತರುಣ ಚಿತ್ರಕಾರ ಆದಾಮ ಹವ್ವರನ್ನು ತೋಟದಿಂದ ಹೊರಗೆ ಹಾಕುವ ದೃಶ್ಯ ಬರೆದ. ಇಬ್ಬರೂ ಬೆತ್ತಲೆ. ಹವ್ವ ಬಾಯಿ ತೆರೆದು ಗೋಳಾಡುತ್ತಾಳೆ, ಕೈಗಳಿಂದ ಮೈ ಮರೆಮಾಡಿಕೊಂಡಿದ್ದಾಳೆ. ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ. ಮೈ ಮುಚ್ಚುವುದಕ್ಕೆ ಅವನಿಗೆ ಕೈ ಉಳಿದಿಲ್ಲ. ಗುಲಾಮನ ಹಾಗೆ ಬಾಗಿದ ಆ ಬೆನ್ನನ್ನು ನೋಡಿದರೆ ಸಾಕು, ಪಶ್ಚಾತ್ತಾಪ ಎಂದರೇನೆಂದು ಪಾದ್ರಿ ಬೇರೆ ಹೇಳಬೇಕಾಗಿಲ್ಲ. ನಾಚಿಕೆ ಇರುವುದು ಮುಖದಲ್ಲಿ, ಇನ್ನೊಬ್ಬರನ್ನು ಎದುರಿಸಲಾಗದ ಸಂಕಟದಲ್ಲಿ ಎಂದು ಆ ಚಿತ್ರ ಹೇಳುತ್ತದೆ.

ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ, 1680ರ ಹೊತ್ತಿಗೆ, ಆ ಇಬ್ಬರ ಸೊಂಟಕ್ಕೂ ಯಾರೋ ಎಲೆಗಳನ್ನು ಬರೆಸಿದರು. 1980ರ ದಶಕದಲ್ಲಿ ಗೋಡೆಯನ್ನು ಶುಚಿ ಮಾಡುವಾಗ ಅವನ್ನು ತೆಗೆದರು. ಎಲೆ ಬರೆಸಿದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅವರ ಕಣ್ಣು ಎಲ್ಲಿಗೆ ಹೋಯಿತು ನೋಡಿ. ಅಳುವ ಬಾಯಿ, ಮುಚ್ಚಿದ ಮುಖ ಎದುರಿಗೇ ಇದ್ದರೂ ಅವರಿಗೆ ಕಂಡದ್ದು ಸೊಂಟ. ಕಥೆಯ ಲೆಕ್ಕದಲ್ಲೂ ಅದು ಆದಾಮ ಹವ್ವ ಹೆದರಿ ಮಾಡಿದ ಕೆಲಸವೇ. ಚಿತ್ರ ಯಾವ ತಪ್ಪಿನ ಬಗ್ಗೆ ಅಳುತ್ತಿತ್ತೋ ಆ ತಪ್ಪನ್ನು ಮರೆಸಿ, ಮೈಯನ್ನೇ ತಪ್ಪು ಮಾಡಿಬಿಟ್ಟಿತು ಆ ಎಲೆ.

ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲೂ ಇದೇ ನಡೆಯಿತು. ಮಿಖೆಲಾಂಜೆಲೊ 1541ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರದಲ್ಲಿ ಸಂತರೂ ಪಾಪಿಗಳೂ ಬೆತ್ತಲೆಯಾಗಿಯೇ ನಿಂತಿದ್ದರು. ಆತ ತೀರಿಹೋದ ಮರುವರ್ಷ, 1565ರಲ್ಲಿ, ದಾನಿಯೆಲೆ ದ ವೋಲ್ತೆರ್ರಾ ಎಂಬವನಿಂದ ಅವರಿಗೆ ತುಂಡುಬಟ್ಟೆ ಬರೆಸಿದರು. ಆ ಬಡಪಾಯಿಗೆ ಚಡ್ಡಿ ಹೊಲಿಯುವವನು ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. 1994ರಲ್ಲಿ ಆ ಚಿತ್ರದ ಶುಚಿಕಾರ್ಯ ಮುಗಿದಾಗ ಪೋಪ್ ಎರಡನೆಯ ಜಾನ್ ಪಾಲ್ ಆ ಜಾಗವನ್ನು ಮನುಷ್ಯದೇಹದ ದೈವಶಾಸ್ತ್ರಕ್ಕೆ ಗುಡಿಯೆಂಬಂತೆ ಕೊಂಡಾಡಿದರು. ಪೋಪ್ ಆಗುವುದಕ್ಕೆ ಬಹಳ ಮೊದಲೇ, 1960ರ ತಮ್ಮ ಪುಸ್ತಕದಲ್ಲಿ, ಬೆತ್ತಲೆ ತನ್ನಷ್ಟಕ್ಕೆ ಅಮರ್ಯಾದೆ ಅಲ್ಲ, ಮನುಷ್ಯನನ್ನು ಬಳಸುವ ವಸ್ತುವಾಗಿ ಕಾಣುವುದೇ ಅಮರ್ಯಾದೆ ಎಂಬ ವಿಚಾರವನ್ನು ಅವರು ಮಂಡಿಸಿದ್ದರು. ಇಗರ್ಜಿಯ ಒಳಗೇ ಎಲೆ ಹಚ್ಚುವವರೂ ಇದ್ದಾರೆ, ತೆಗೆಯುವವರೂ ಇದ್ದಾರೆ. ಕ್ರೈಸ್ತ ದೃಷ್ಟಿ ಎಂದರೆ ಒಂದೇ ಒಂದು ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ಯುರೋಪಿನ ಜಗಳ ಹೀಗೆ ಗೋಡೆಯ ಮೇಲೆ ನಡೆದರೆ, ಮಿಷನರಿಗಳು ಹೋದ ದೇಶಗಳಲ್ಲಿ ಅದು ಜೀವಂತ ಜನರ ಮೈಮೇಲೆ ನಡೆಯಿತು. 1820ರಲ್ಲಿ ಅಮೆರಿಕದ ಮಿಷನರಿಗಳು ತಾಡಿಯಸ್ ಎಂಬ ಹಡಗಿನಲ್ಲಿ ಹವಾಯಿಗೆ ಬಂದರು. ದಡ ಸೇರುವ ಮೊದಲೇ ಅಲ್ಲಿಯ ರಾಣಿ ಕಲಾಕುವಾ ಬಿಳಿ ಬಟ್ಟೆ ತಂದು, ನಿಮ್ಮ ಹೆಂಗಸರ ಹಾಗಿನ ಉಡುಪು ನನಗೂ ಹೊಲಿದುಕೊಡಿ ಎಂದು ಕೇಳಿದಳು. ಹಡಗಿನ ಅಟ್ಟದ ಮೇಲೆಯೇ ಹೊಲಿಗೆ ನಡೆಯಿತು. ಮಿಷನರಿಗಳು ಅದರಲ್ಲಿ ಸಭ್ಯತೆ ಕಂಡರು. ರಾಣಿ ಕಂಡದ್ದು ದೂರದಿಂದ ಬಂದ ದೊಡ್ಡವರ ಅಂತಸ್ತನ್ನು ಎಂದು ನನಗೆ ತೋರುತ್ತದೆ. ಆಫ್ರಿಕದ ನಮೀಬಿಯದಲ್ಲಿ ಹೆರೆರೊ ಹೆಂಗಸರು ಜರ್ಮನ್ ಮಿಷನರಿಗಳ ಕಾಲದ ಪಾದಮುಟ್ಟುವ ನಿಲುವಂಗಿಯನ್ನು ಇಂದಿಗೂ ಬಿಟ್ಟಿಲ್ಲ. ಆದರೆ ತಲೆಗೆ ದನದ ಕೊಂಬಿನ ಆಕಾರದಲ್ಲಿ ವಸ್ತ್ರ ಕಟ್ಟುತ್ತಾರೆ, ಏಕೆಂದರೆ ಅವರು ದನ ಸಾಕುವ ಜನ, ದನವೇ ಅವರ ಐಶ್ವರ್ಯ. ಹೊರಗಿನ ಉಡುಪನ್ನು ತಮ್ಮದೇ ಮಾಡಿಕೊಂಡರು. ಅವರ ಭಾಷೆಯನ್ನೇ ಆಡುವ ಹಿಂಬಾ ಹೆಂಗಸರು ಎದೆ ಮುಚ್ಚದೆ, ಮೈಗೆ ಕೆಮ್ಮಣ್ಣು ಬೆಣ್ಣೆ ಹಚ್ಚಿಕೊಂಡು ಬದುಕಿದ್ದಾರೆ. ಒಂದೇ ಭಾಷೆಯ ಈ ಇಬ್ಬರಲ್ಲಿ ಯಾರು ಮರ್ಯಾದಸ್ಥರು ಎಂದು ಬಟ್ಟೆ ನೋಡಿ ಹೇಳುವವರು ಇಬ್ಬರ ಬಗ್ಗೆಯೂ ಏನನ್ನೂ ತಿಳಿಯಲಿಲ್ಲ ಎಂದೇ ಅರ್ಥ.

ಇಷ್ಟು ದೂರ ಹೋಗಿ ಬಂದದ್ದು ನಮ್ಮದೇ ರಾಜ್ಯದ ತೆಂಕಣ ತುದಿಯ ಒಂದು ಪ್ರಕರಣವನ್ನು ಸರಿಯಾಗಿ ಓದುವುದಕ್ಕೆ. ಕಾಸರಗೋಡು ಆ ಕಾಲದಲ್ಲಿ ತಿರುವಾಂಕೂರಿಗೆ ಸೇರಿರಲಿಲ್ಲ, ಮದ್ರಾಸಿನ ಅಧೀನದ ಕೆನರಾ ಜಿಲ್ಲೆಯಲ್ಲಿತ್ತು. ಪ್ರಕರಣ ನಡೆದ ನಾಗರಕೋವಿಲಿನ ಕಡೆ ಈಗ ತಮಿಳುನಾಡಿನಲ್ಲಿದೆ. ಆದರೂ ಚಾನ್ನಾರ್ ಲಹಳ ಎಂಬ ಹೆಸರು ಇಲ್ಲಿಯ ಶಾಲೆಗಳಲ್ಲಿ ಪರಿಚಿತ. ಚೇರ್ತಲದ ನಂಗೇಲಿಯ ಕಥೆ ಬೇರೆ, ಅದು ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಇಲ್ಲಿ ಬೆರೆಸುವುದಿಲ್ಲ.

ದಕ್ಷಿಣ ತಿರುವಾಂಕೂರಿನ ನಾಡಾರರನ್ನು ಆಗ ಚಾನ್ನಾರರು ಎನ್ನುತ್ತಿದ್ದರು. ನಮ್ಮ ಕಡೆಯ ಮೂರ್ತೆಯವರ ಹಾಗೆ ಅವರದು ತಾಳೆಮರ ಹತ್ತಿ ಕಳ್ಳು ಇಳಿಸುವ ಕಸುಬು. ಅವರ ಹೆಂಗಸರು ಎದೆಯ ಮೇಲೆ ಬಟ್ಟೆ ಹಾಕಬಾರದು ಎಂಬ ಕಟ್ಟಳೆ ಇತ್ತು. ಇದನ್ನು ಇಂದಿನ ಕಣ್ಣಿನಿಂದ ನೋಡಿ ಅಶ್ಲೀಲ ಎಂದು ಬಿಟ್ಟರೆ ವಿಷಯ ತಿಳಿಯುವುದಿಲ್ಲ. ಆ ಸೀಮೆಯಲ್ಲಿ ಎದೆ ತೆರೆದಿರುವುದು ತನ್ನಷ್ಟಕ್ಕೆ ನಾಚಿಕೆಯ ಸಂಗತಿ ಆಗಿರಲಿಲ್ಲ. ನಾಯರ್ ಹೆಂಗಸರು ಹೆಗಲ ಮೇಲೆ ಹೊದಿಕೆ ಹಾಕುತ್ತಿದ್ದರು, ಆದರೆ ತಮಗಿಂತ ಮೇಲಿನವರ ಎದುರು ಅದನ್ನು ತೆಗೆಯುವುದು ಗೌರವ ಎನಿಸುತ್ತಿತ್ತು. ನಾವು ಹೆಗಲ ಟವೆಲು ಕೆಳಗೆ ಇಳಿಸುತ್ತೇವಲ್ಲ, ಅದೇ ಲೆಕ್ಕ. ಎದೆಯ ಬಟ್ಟೆ ಅಲ್ಲಿ ಜಾತಿಯ ಮೆಟ್ಟಿಲನ್ನು ತೋರಿಸುವ ಗುರುತಾಗಿತ್ತು. ಕೆಳಗಿನ ಮೆಟ್ಟಿಲವರಿಗೆ ಆ ಗುರುತು ಸಲ್ಲದು ಎಂಬುದೇ ಕಟ್ಟಳೆಯ ಅರ್ಥ.

ಅಲ್ಲಿಗೆ ಲಂಡನ್ ಮಿಷನ್ನಿನವರು ಬಂದರು. ಬಳ್ಳಾರಿಯಲ್ಲಿ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಕೂಡ ಅದೇ ಮಿಷನ್ನಿನವರು. ಅವರ ಕಣ್ಣಿಗೆ ತೆರೆದ ಎದೆ ಎಂದರೆ ಅಸಭ್ಯತೆ. 1810ರ ದಶಕದಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ಮನ್ರೋ, ಕ್ರೈಸ್ತರಾದ ನಾಡಾರ್ ಹೆಂಗಸರು ಮೈ ಮುಚ್ಚಿಕೊಳ್ಳಬಹುದು ಎಂದು ಅನುಮತಿ ಕೊಟ್ಟ. ಮೇಲ್ಜಾತಿಯವರಿಂದ ತಕರಾರು ಬಂತು. ಕೊನೆಗೆ ಸಿರಿಯನ್ ಕ್ರೈಸ್ತರ, ಮಾಪಿಳ್ಳೆಯರ ಹೆಂಗಸರು ಹಾಕುವ ರೀತಿಯ ಕುಪ್ಪಾಯ ಹಾಕಬಹುದು, ಹೆಗಲ ಮೇಲೆ ಬಟ್ಟೆ ಇಳಿಬಿಡಬಾರದು ಎಂದಾಯಿತು. ಕುಪ್ಪಾಯ ಎಂದರೆ ನಮ್ಮ ಕುಪ್ಪಸವೇ, ಸಡಿಲವಾದ ಒಂದು ಅಂಗಿ.

ಮಿಷನರಿಗಳ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಮುಗಿಯಬೇಕಿತ್ತು. ಎದೆ ಮುಚ್ಚಿತು, ಸಭ್ಯತೆ ಉಳಿಯಿತು. ಆದರೆ ಹೆಂಗಸರು ಅಲ್ಲಿಗೆ ನಿಲ್ಲಲಿಲ್ಲ. ಕುಪ್ಪಾಯದ ಮೇಲೆ ನಾಯರ್ ಹೆಂಗಸರ ಹಾಗೆಯೇ ಹೆಗಲ ಬಟ್ಟೆಯನ್ನೂ ಹಾಕತೊಡಗಿದರು. ಮತ ಬದಲಿಸದ ನಾಡಾರ್ ಹೆಂಗಸರೂ ಹಾಕತೊಡಗಿದರು. 1828ರಲ್ಲಿ ಗಲಾಟೆ ಎದ್ದಿತು. ಸಂತೆಯಲ್ಲಿ ಹೆಂಗಸರ ಬಟ್ಟೆ ಎಳೆದು ಹರಿದರು, ಮಿಷನ್ನಿನ ಶಾಲೆಗಳಿಗೂ ಪ್ರಾರ್ಥನಾಮಂದಿರಗಳಿಗೂ ಬೆಂಕಿ ಬಿತ್ತು. 1829ರ ಫೆಬ್ರುವರಿಯ ಹುಕುಮು ಕುಪ್ಪಾಯಕ್ಕೆ ಸರಿ, ಹೆಗಲ ಬಟ್ಟೆಗೆ ಇಲ್ಲ ಎಂದು ಮತ್ತೆ ಹೇಳಿತು. ಮೂವತ್ತು ವರ್ಷ ಕಳೆದು 1858-59ರಲ್ಲಿ ಪುನಃ ಅದೇ ಗಲಾಟೆ. ಮದ್ರಾಸ್ ಗವರ್ನರ್ ಟ್ರೆವೆಲಿಯನ್ನನ ಒತ್ತಡ ಬಿದ್ದ ಮೇಲೆ 1859ರ ಜುಲೈ 26ರಂದು ಉತ್ರಂ ತಿರುನಾಳ್ ಮಹಾರಾಜರ ಹುಕುಮು ಹೊರಟಿತು. ಅದರ ಒಕ್ಕಣೆಯನ್ನು ನಿಧಾನವಾಗಿ ಓದಬೇಕು. ನಾಡಾರ್ ಹೆಂಗಸರು ಯಾವ ಮತದವರಾದರೂ ಕುಪ್ಪಾಯ ಹಾಕಬಹುದು, ಮುಕ್ಕುವ ಹೆಂಗಸರ ಹಾಗೆ ದಪ್ಪಬಟ್ಟೆ ಸುತ್ತಿಕೊಳ್ಳಬಹುದು, ಬೇರೆ ಯಾವ ರೀತಿಯಲ್ಲಾದರೂ ಎದೆ ಮುಚ್ಚಿಕೊಳ್ಳಬಹುದು. ಆದರೆ ಮೇಲ್ಜಾತಿಯ ಹೆಂಗಸರ ರೀತಿಯಲ್ಲಿ ಮಾತ್ರ ಮುಚ್ಚಿಕೊಳ್ಳಬಾರದು.

ಮೈ ಮುಚ್ಚುವುದೇ ಜಗಳದ ಮೂಲವಾಗಿದ್ದರೆ ಕುಪ್ಪಾಯ ಸಿಕ್ಕಿದ ದಿನವೇ ಅದು ತಣ್ಣಗಾಗಬೇಕಿತ್ತು. ಮುಚ್ಚಲು ಅನುಮತಿ ಸಿಕ್ಕಿದ ಮೇಲೂ ಪೆಟ್ಟು ತಿಂದು, ಬಟ್ಟೆ ಹರಿಸಿಕೊಂಡು ಹೆಂಗಸರು ಹಟ ಹಿಡಿದದ್ದು ಹೆಗಲ ಮೇಲಿನ ಒಂದು ತುಂಡಿಗೆ. ಆ ಒಂದೇ ಬಟ್ಟೆಯನ್ನು ಮೂರು ಕಡೆಯವರು ಮೂರು ಬಗೆಯಲ್ಲಿ ಓದಿದರು. ಪಾದ್ರಿಗೆ ಅದು ಪಾಪದಿಂದ ರಕ್ಷಣೆ. ಮೇಲ್ಜಾತಿಯವರಿಗೆ ಅದು ಅಹಂಕಾರ. ಉಟ್ಟವಳಿಗೆ ಅದು ನಾನೂ ನಿನ್ನಷ್ಟೇ ಎಂಬ ಮಾತು. ಪಾದ್ರಿಗಳು ಕಷ್ಟಕಾಲದಲ್ಲಿ ಆ ಹೆಂಗಸರ ಪಕ್ಕ ನಿಂತರು, ಅರ್ಜಿ ಬರೆದರು, ಅದನ್ನು ಅಲ್ಲಗಳೆಯಬಾರದು. ಆದರೆ ಅವರು ಕೊಟ್ಟ ಪಾಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು ಆ ಹೆಂಗಸರೇ.

ಈಗ ಮೊದಲು ಹೇಳಿದ ಎರಡು ಪಂಗಡಗಳ ಲೆಕ್ಕ ಚುಕ್ತ ಮಾಡಬಹುದು. ಮಿಷನರಿಗಳು ಮಾನ ಕಲಿಸಿದರು ಎನ್ನುವವರು ಆ ಹೆಂಗಸರನ್ನು ಏನೂ ತಿಳಿಯದ ಮಕ್ಕಳಂತೆ ಕಾಣುತ್ತಾರೆ. ಯಾವ ಬಟ್ಟೆ ಬೇಕು, ಏಕೆ ಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಹಿಂದಿನವರು ನಾಚಿಕೆಯಿಲ್ಲದೆ ನಿರ್ಮಲವಾಗಿದ್ದರು, ಹೊರಗಿನವರು ಕೆಡಿಸಿದರು ಎನ್ನುವವರು ತಿರುವಾಂಕೂರನ್ನು ಏದೆನ್ ತೋಟ ಮಾಡುತ್ತಾರೆ. ಏದೆನಿನಲ್ಲಿ ಇಬ್ಬರೂ ಬೆತ್ತಲೆ ಇದ್ದರು, ಒಬ್ಬರು ಇನ್ನೊಬ್ಬರಿಗೆ ಹುಕುಮು ಮಾಡಿರಲಿಲ್ಲ. ಒಬ್ಬಳು ಹೊದ್ದುಕೊಂಡಿರುವಾಗ ಇನ್ನೊಬ್ಬಳಿಗೆ ನೀನು ಹೊದೆಯಬಾರದು ಎಂದರೆ ಅದು ನಿರ್ಮಲತೆ ಹೇಗಾಗುತ್ತದೆ? ನನ್ನ ಅಭಿಪ್ರಾಯದಲ್ಲಿ ಆದಿಕಾಂಡದ ಕಥೆ ಈ ಪ್ರಕರಣಕ್ಕೆ ಸರಿಯಾಗಿ ಹೊಂದುವುದು ಇಲ್ಲಿಯೇ. ಪಾಪ ಆ ಹೆಂಗಸಿನ ತೆರೆದ ಎದೆಯಲ್ಲಿ ಇರಲಿಲ್ಲ. ಸಂತೆಯ ನಡುವೆ ಅವಳ ಹೆಗಲಿನಿಂದ ಬಟ್ಟೆ ಎಳೆದ ಕೈಯಲ್ಲಿ ಇತ್ತು, ಅದನ್ನು ನಿಂತು ನೋಡಿದ ಕಣ್ಣಿನಲ್ಲಿ ಇತ್ತು.

ಅಧ್ಯಾಪಕರಿಗೆ ಒಂದು ಮಾತು. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಉಡುಪಿನ ಚರಿತ್ರೆಯ ಪಾಠದೊಳಗೆ ಈ ಪ್ರಕರಣ ಇತ್ತು. 2016ರ ಕೊನೆಗೆ ಸಿಬಿಎಸ್‌ಇ ಆ ಭಾಗವನ್ನು ಪರೀಕ್ಷೆಯಿಂದ ಬಿಟ್ಟಿತು, ಆಮೇಲೆ ಪುಸ್ತಕದಿಂದಲೂ ಪಾಠ ಹೋಯಿತು. ಪರೀಕ್ಷೆಗೆ ಇಲ್ಲದ್ದನ್ನು ಕಲಿಸಬಾರದೆಂಬ ಕಾನೂನು ಇಲ್ಲ. ಎಂಟು ಒಂಬತ್ತರ ಮಕ್ಕಳಿಗೆ ಇದು ಅರ್ಥವಾಗದ ವಿಷಯವೂ ಅಲ್ಲ. ಬಟ್ಟೆಯ ಬಗ್ಗೆ ದಿನಬೆಳಗಾದರೆ ಬುದ್ಧಿವಾದ ಕೇಳುವವರು ಅವರೇ, ಅದರಲ್ಲೂ ಹೆಣ್ಣುಮಕ್ಕಳು. ಮುಚ್ಚಿದ್ದು ಹೆಚ್ಚಾಯಿತು ಎಂದು ಒಂದು ಕಡೆಯವರಿಂದ, ತೆರೆದದ್ದು ಹೆಚ್ಚಾಯಿತು ಎಂದು ಇನ್ನೊಂದು ಕಡೆಯವರಿಂದ.

ನಮ್ಮ ಊರುಗಳಲ್ಲಿ ಬೇಳದ ಇಗರ್ಜಿಗೆ ಹೋಗುವವರು, ಪಳ್ಳಿಗೆ ಹೋಗುವವರು, ದೇವಸ್ಥಾನಕ್ಕೆ ಅಂಗಿ ಕಳಚಿ ಹೋಗುವವರು ಒಂದೇ ಬಸ್ಸಿನಲ್ಲಿ ಕೂತು ಪೇಟೆಗೆ ಹೋಗುತ್ತಾರೆ. ಒಬ್ಬರಿಗೆ ಭಕ್ತಿ ಎಂದರೆ ತಲೆ ಮುಚ್ಚುವುದು, ಇನ್ನೊಬ್ಬರಿಗೆ ಎದೆ ತೆರೆಯುವುದು. ಇದರಲ್ಲಿ ಯಾವುದೂ ಇನ್ನೊಂದಕ್ಕೆ ಅವಮಾನ ಅಲ್ಲ. ಯಾವುದೇ ಉಡುಪನ್ನು ತೂಗುವ ಮೊದಲು ಅದನ್ನು ಉಟ್ಟವರು ತಾವಾಗಿ ಉಟ್ಟದ್ದೋ, ಇನ್ನೊಬ್ಬರ ಹೆದರಿಕೆಗೆ ಉಟ್ಟದ್ದೋ ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಉಟ್ಟವರು. ಪಾದ್ರಿಯೂ ಅಲ್ಲ, ರಾಜನೂ ಅಲ್ಲ, ಕಟ್ಟೆಯಲ್ಲಿ ಕೂತ ನಾವೂ ಅಲ್ಲ.